ಲಿವರ್ ಕಸಿಗೆ ಯಾವ ಊರು? ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಪ್ರಶ್ನೆ: ಸಿಸ್ಟರ್, ನಮಸ್ತೆ. ನನ್ನ ತವರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ, ಎರಡು ವರ್ಷದ ಮಗಳಿದ್ದಾಳೆ. ಅಪ್ಪನಿಗೆ 57 ವರ್ಷ, ಅಡಿಕೆ ತೋಟ ನೋಡಿಕೊಂಡು ಇದ್ದವರು. ಕುಡಿತ ಇಲ್ಲ. ತುಂಬಾ ವರ್ಷದಿಂದ ಶುಗರ್ ಇದೆ. ಈಗ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗಿದೆ ಅಂದಿದ್ದಾರೆ. ಹೊಟ್ಟೆಯಲ್ಲಿ ನೀರು ತುಂಬಿ ಎರಡು ಸಲ ತೆಗೆಸಿದ್ದೇವೆ. ಒಂದು ರಾತ್ರಿ ಎದ್ದು ಅಮ್ಮನನ್ನೇ ಗುರುತು ಹಿಡಿಯದೆ ಏನೇನೋ ಮಾತಾಡಿದರು. ಮೆಲ್ಡ್ ಸ್ಕೋರ್ 19 ಅಂತೆ. ಶಿವಮೊಗ್ಗದ ಡಾಕ್ಟರು ‘ಕಸಿ ಬಗ್ಗೆ ಯೋಚನೆ ಮಾಡಿ’ ಅಂದರು. ಚಿಕ್ಕಪ್ಪ ಚೆನ್ನೈ ಅಂತಾರೆ. ನಮ್ಮ ಮನೆಯವರು ಬೆಂಗಳೂರು ಅಂತಾರೆ. ಸೋದರತ್ತೆ ನಾಟಿ ಔಷಧಿ ನೋಡೋಣ ಅಂತಾರೆ. ಅಪ್ಪನ ರಕ್ತದ ಗುಂಪು ಬಿ ಪಾಸಿಟಿವ್, ನನ್ನದು ಓ ಪಾಸಿಟಿವ್. ಲಿವರ್ ಕೊಡೋಕೆ ನಾನು ರೆಡಿ. ತಮ್ಮನದೂ ಬಿ ಪಾಸಿಟಿವ್, ಆದರೆ ಅವನಿಗೆ ಫ್ಯಾಟಿ ಲಿವರ್. ಯಾವ ಊರು, ಯಾವ ಆಸ್ಪತ್ರೆ ಅಂತ ಒಂದು ಹೆಸರು ಹೇಳಿ ಸಾಕು.

ಉತ್ತರ: ತಂಗಿ, ಹೆಸರು ಮಾತ್ರ ಹೇಳೋದಿಲ್ಲ. ಬೆಂಗಳೂರಿನ ಕಸಿ ವಾರ್ಡಿನಲ್ಲಿ ಕೆಲಸ ಮಾಡಿ ರಿಟೈರ್ ಆಗಿ ಸಾಗರಕ್ಕೆ ಬಂದವಳು ನಾನು. ಒಬ್ಬರಿಗೆ ಸರಿಹೋದ ಆಸ್ಪತ್ರೆ ಇನ್ನೊಬ್ಬರ ಮನೆ ಮುಳುಗಿಸಿದ್ದನ್ನೂ ನೋಡಿದ್ದೇನೆ. ಆದರೆ ಹೆಸರನ್ನು ನೀವೇ ಹುಡುಕಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ಡಾಕ್ಟರಿಗೆ ಒಂದು ಥ್ಯಾಂಕ್ಸ್ ಹೇಳಿ. ಸರಿಯಾದ ಹೊತ್ತಿಗೆ ಹೇಳಿದ್ದಾರೆ. ಮೆಲ್ಡ್ ಅಂದರೆ ಲಿವರ್ ಎಷ್ಟು ಕೆಟ್ಟಿದೆ ಅಂತ ತಿಳಿಯಲು ರಕ್ತ ಪರೀಕ್ಷೆಯ ಬಿಲಿರುಬಿನ್, ಕ್ರಿಯಾಟಿನಿನ್, ಐಎನ್‌ಆರ್, ಸೋಡಿಯಂ ಇಟ್ಟುಕೊಂಡು ಹಾಕುವ ಲೆಕ್ಕ. 6ರಿಂದ 40ರವರೆಗೆ ಹೋಗುತ್ತದೆ, ಜಾಸ್ತಿಯಾದಷ್ಟೂ ಕಾಯಿಲೆ ಗಂಭೀರ. 15ರ ಹತ್ತಿರ ಬಂದರೇ ಕಸಿ ಮಾಡುವವರಿಗೆ ಒಮ್ಮೆ ತೋರಿಸಬೇಕು. ನಮ್ಮ ಕಡೆಯವರು ಬರುತ್ತಿದ್ದದ್ದು 30 ದಾಟಿದ ಮೇಲೆ. ಕಣ್ಣು ಹಳದಿ, ಕಿಡ್ನಿ ನಿಂತಿದೆ, ಆಂಬುಲೆನ್ಸ್‌ನಲ್ಲಿ ಮಲಗಿದ್ದಾರೆ. ಆಗ ಊರು ಆಯ್ಕೆ ಮಾಡುವ ಮಾತೇ ಇಲ್ಲ, ಯಾವ ಐಸಿಯುನಲ್ಲಿ ಬೆಡ್ ಇದೆಯೋ ಅದೇ ಊರು. ನಿಮಗೆ ಇನ್ನೂ ಆಯ್ಕೆ ಇದೆ.

ಅಪ್ಪ ಆ ರಾತ್ರಿ ಅಮ್ಮನ ಗುರುತು ಹಿಡಿಯದೆ ಇದ್ದದ್ದಕ್ಕೆ ಹೆದರಬೇಡಿ, ಹಾಗಂತ ಹಗುರವಾಗಿಯೂ ತಗೋಬೇಡಿ. ಲಿವರ್ ಸೋಸದೆ ಬಿಟ್ಟ ವಿಷ ತಲೆಗೇರಿದಾಗ ಹಾಗಾಗುತ್ತದೆ. ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಲೀಸಾಗಿ ಹೋಗಬೇಕು. ಮತ್ತೆ ಹಾಗೆ ಮಾತಾಡಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಟ್ಟೆಯ ನೀರಿಗೆ ಉಪ್ಪು ಶತ್ರು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು ಎಲ್ಲ ಸದ್ಯಕ್ಕೆ ಬಂದ್. ಜೊತೆಗೆ ಬೇಳೆ, ಮೊಟ್ಟೆ, ಮೊಸರನ್ನೂ ಯಾರಾದರೂ ಬಂದ್ ಮಾಡಿಸಿದ್ದರೆ ಡಾಕ್ಟರನ್ನು ಕೇಳಿ ವಾಪಸ್ ಶುರು ಮಾಡಿ. ಮೈಯಲ್ಲಿ ಮಾಂಸ ಕರಗಿದವರು ಕಸಿಯಾದ ಮೇಲೆ ಏಳುವುದು ಬಹಳ ಕಷ್ಟ.

ನಾಟಿ ಔಷಧಿ ವಿಷಯ. ಸೋದರತ್ತೆಗೆ ನೋವಾಗದ ಹಾಗೆ ಬೇಡ ಅನ್ನಿ. ಕಾಮಾಲೆಗೆ ನೆಲನೆಲ್ಲಿ ಕುಡಿದು ಹುಷಾರಾದವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಅದರಲ್ಲಿ ಹೆಚ್ಚಿನದು ತಾನಾಗಿಯೇ ವಾಸಿಯಾಗುವ ಕಾಮಾಲೆ. ಸಿರೋಸಿಸ್ ಬೇರೆ. ಕೊರೊನಾ ಕಾಲದಲ್ಲಿ ಎಲ್ಲರೂ ಕುಡಿದ ಅಮೃತಬಳ್ಳಿಯಿಂದಲೇ ಕೆಲವರ ಲಿವರ್ ಕೆಟ್ಟಿತು ಅಂತ ಮುಂಬೈನ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದ್ದಾರೆ. ಸೋತ ಲಿವರಿಗೆ ಇನ್ನೊಂದು ಹೊರೆ ಯಾಕೆ?

ಈಗ ಊರಿನ ವಿಷಯಕ್ಕೆ ಬರೋಣ. ಅದು ತೀರ್ಮಾನವಾಗುವುದು ಲಿವರ್ ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ. ಮನೆಯವರೇ ಕೊಡುವುದಾದರೆ ಒಂದು ದಾರಿ. ಮಿದುಳು ಸತ್ತ ದಾನಿಯದಕ್ಕೆ ಕಾಯುವುದಾದರೆ ಇನ್ನೊಂದು.

ನಿಮ್ಮ ಓ ಗುಂಪು ಅಪ್ಪನ ಬಿ ಗುಂಪಿಗೆ ಹೊಂದುತ್ತದೆ. ಆದರೆ ಗುಂಪು ಹೊಂದಿದರೆ ಬಾಗಿಲು ತೆರೆಯಿತು ಅಷ್ಟೇ. ಆಮೇಲೆ ನಿಮಗೆ ಸಿಟಿ ಸ್ಕ್ಯಾನ್, ಪಿತ್ತನಾಳದ ಎಂಆರ್‌ಐ, ಹೃದಯದ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಆಗುತ್ತದೆ. ಅಪ್ಪನ ತೂಕದ ಶೇ. 0.8ರಷ್ಟಾದರೂ ನಿಮ್ಮ ಲಿವರಿನ ತುಂಡು ಬೇಕು ಅನ್ನುವುದು ಸಾಮಾನ್ಯ ಲೆಕ್ಕ. 60 ಕಿಲೋ ಇದ್ದರೆ ಸುಮಾರು 480 ಗ್ರಾಂ. (ಹೊಟ್ಟೆಯ ನೀರು ಬಿಟ್ಟು ತೂಕ ಹೇಳಿ!) ಅಷ್ಟು ತೆಗೆದ ಮೇಲೆ ನಿಮ್ಮಲ್ಲಿ ಶೇ. 30-35ರಷ್ಟಾದರೂ ಉಳಿಯಬೇಕು. ಉಳಿಯುವುದಿಲ್ಲ ಅಂದರೆ ಒಳ್ಳೆಯ ಆಸ್ಪತ್ರೆ ನಿಮ್ಮನ್ನು ವಾಪಸ್ ಕಳಿಸುತ್ತದೆ. ಹಾಗೆ ಕಳಿಸುವ ಆಸ್ಪತ್ರೆಯನ್ನು ನಂಬಬಹುದು ಅನ್ನುವುದು ನನ್ನ ಅಭಿಪ್ರಾಯ.

ಉಳಿದ ಲಿವರ್ ಎರಡು ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಬೆಳೆಯುತ್ತದೆ, ನಿಜ. ಆದರೆ ‘ಏನೂ ಆಗಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಲಭಾಗ ಕೊಟ್ಟ ದಾನಿಗಳಲ್ಲಿ ಸಾವಿರಕ್ಕೆ ಎರಡರಿಂದ ಐದು ಜನ ಜೀವ ಕಳೆದುಕೊಳ್ಳುತ್ತಾರೆ ಅಂತ ವೈದ್ಯರೇ ಹೇಳುವ ಲೆಕ್ಕ. ಪಿತ್ತ ಸೋರುವುದು, ಸೋಂಕು, ಗಾಯದ ಜಾಗದಲ್ಲಿ ಹರ್ನಿಯಾ ಇದಕ್ಕಿಂತ ಜಾಸ್ತಿ. ಇನ್ನೊಂದು, ಆಪರೇಷನ್ ಆದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ನೀವು ಮಗಳನ್ನು ಎತ್ತಿಕೊಳ್ಳುವ ಹಾಗಿಲ್ಲ. ಎರಡು ವರ್ಷದ ಮಗು ‘ಎತ್ಕೋ’ ಅಂತ ಅಳುತ್ತಿದ್ದರೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ವಾರ್ಡಿನಲ್ಲಿ ನೋಡಿದ್ದೇನೆ. ಅಷ್ಟು ದಿನ ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ.

ತಮ್ಮನನ್ನು ಅಷ್ಟು ಬೇಗ ಲೆಕ್ಕದಿಂದ ತೆಗೆಯಬೇಡಿ. ಫ್ಯಾಟಿ ಲಿವರ್ ಇದ್ದವರು ಡಾಕ್ಟರು ಹೇಳಿದ ಹಾಗೆ ಊಟ ಬಿಗಿ ಮಾಡಿ, ದಿನಾ ಬಿರುಸಾಗಿ ನಡೆದು, ಕೆಲವೇ ವಾರದಲ್ಲಿ ಕೊಬ್ಬು ಇಳಿಸಿ ದಾನಿಯಾಗಿದ್ದುಂಟು. ಮಕ್ಕಳಿರುವ ಹೆಣ್ಣುಮಗಳೇ ಮುಂದೆ ಬರುವುದು, ಗಂಡುಮಕ್ಕಳು ‘ನಂಗೆ ಫ್ಯಾಟಿ ಲಿವರ್’ ಅಂತ ಹಿಂದೆ ನಿಲ್ಲುವುದು ಆಸ್ಪತ್ರೆಗಳಲ್ಲಿ ದಿನನಿತ್ಯದ ದೃಶ್ಯ. ನಿಮ್ಮ ತಮ್ಮ ಹಾಗಲ್ಲ ಅಂದುಕೊಳ್ಳುತ್ತೇನೆ. ಕಾನೂನಿನಲ್ಲೂ ಇದಕ್ಕೆ ಒಂದು ಮಾತಿದೆ. 2014ರ ನಿಯಮದ ಪ್ರಕಾರ ದಾನಿ ಹೆಣ್ಣಾದರೆ ಅವಳ ಸ್ವಂತ ಒಪ್ಪಿಗೆಯನ್ನು ರೋಗಿಯಲ್ಲದ ಬೇರೆಯವರಿಂದ ಖಚಿತ ಮಾಡಿಕೊಳ್ಳಬೇಕು. ಒಂಟಿಯಾಗಿ ಕೂರಿಸಿ ಕೇಳಿದಾಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳಿ. ಬೇಡ ಅನ್ನಿಸಿದರೆ ಬೇಡ ಅನ್ನಿ. ‘ದಾನಿ ಹೊಂದಲಿಲ್ಲ’ ಅಂತಷ್ಟೇ ಮನೆಯವರಿಗೆ ಹೇಳುವ ಡಾಕ್ಟರುಗಳಿದ್ದಾರೆ.

ನೀವೋ ತಮ್ಮನೋ ಹೊಂದಿದರೆ, ಜೀವಂತ ದಾನಿಯ ಕಸಿಯನ್ನು ನಿತ್ಯ ಮಾಡುವ ಕಡೆಗೆ ಹೋಗಿ. ಎಲ್ಲ ಕಸಿ ಆಸ್ಪತ್ರೆಗಳೂ ಅದರಲ್ಲಿ ಪಳಗಿರುವುದಿಲ್ಲ. ಎರಡು ಆಪರೇಷನ್ ಥಿಯೇಟರ್ ಒಟ್ಟಿಗೆ ನಡೆಯಬೇಕು, ಎರಡು ತಂಡ ಬೇಕು, ಹತ್ತು ಹನ್ನೆರಡು ಗಂಟೆ ಆಗಬಹುದು. ಅಲ್ಲಿ ಕೂತು ನೇರವಾಗಿ ಕೇಳಿ. ಹೋದ ವರ್ಷ ದೊಡ್ಡವರಿಗೆ ಜೀವಂತ ದಾನಿಯ ಕಸಿ ಎಷ್ಟು ಮಾಡಿದಿರಿ? ಅದರಲ್ಲಿ ವರ್ಷ ಪೂರೈಸಿದವರು ಎಷ್ಟು? ನೂರಕ್ಕೆ 85-90 ಅಂದರೆ ಒಳ್ಳೆಯ ಕೇಂದ್ರ. ‘ನೂರಕ್ಕೆ ನೂರು’ ಅಂದರೆ ಎದ್ದು ಬನ್ನಿ. ದಾನಿಗಳಲ್ಲಿ ಯಾರಿಗಾದರೂ ತೊಂದರೆ ಆಯಿತಾ ಅಂತಲೂ ಕೇಳಿ. ಬೋರ್ಡಿನಲ್ಲಿ ಹೆಸರಿರುವ ಸರ್ಜನ್ನೇ ಆಪರೇಷನ್ ಮಾಡುತ್ತಾರಾ, ಅಥವಾ ತಿಂಗಳಿಗೊಮ್ಮೆ ಬಂದು ಹೋಗುವವರಾ? ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಲಿವರ್ ಗೊತ್ತಿರುವ ಡಾಕ್ಟರು ಇರುತ್ತಾರಾ? ನನ್ನ ಅನುಭವದಲ್ಲಿ ರೋಗಿ ಉಳಿಯುವುದು ಅಥವಾ ಹೋಗುವುದು ಆ ಹೊತ್ತಿನಲ್ಲಿ.

ದಾನಿ ಹೊಂದದಿದ್ದರೆ ಕಾಯುವ ಪಟ್ಟಿ. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುವುದು ‘ಜೀವಸಾರ್ಥಕತೆ’. ಹೆಸರು ಬರೆಸುವುದು ಆಸ್ಪತ್ರೆ ಮೂಲಕ. ತಮಿಳುನಾಡಿನಲ್ಲಿ ‘ಟ್ರಾನ್ಸ್‌ಟಾನ್’ ಇದೆ. 2023ರಲ್ಲಿ ಕೇಂದ್ರ ಸರ್ಕಾರ ‘ಆಯಾ ರಾಜ್ಯದ ನಿವಾಸಿಯೇ ಆಗಿರಬೇಕು’ ಅನ್ನುವ ಷರತ್ತನ್ನು ತೆಗೆಯಲು ಹೇಳಿತು. ಹಾಗಾಗಿ ಚಿಕ್ಕಪ್ಪ ಹೇಳಿದ ಚೆನ್ನೈನಲ್ಲೂ ಬರೆಸಬಹುದು. ಬರೆಸುವುದು ಸುಲಭ, ಮುಟ್ಟುವುದು ಕಷ್ಟ. ದಾನಿಯಿಂದ ತೆಗೆದ ಲಿವರ್ ಐಸ್ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ ಹನ್ನೆರಡು ಗಂಟೆ, ಬೇಗ ಹಾಕಿದಷ್ಟೂ ಒಳ್ಳೆಯದು. ಫೋನ್ ಬಂದ ಕೆಲವೇ ಗಂಟೆಯಲ್ಲಿ ರೋಗಿ ಅಲ್ಲಿರಬೇಕು. ಜುಲೈ ತಿಂಗಳು, ರಾತ್ರಿ, ನಿಮ್ಮ ಊರು ಅಂತ ಇಟ್ಟುಕೊಳ್ಳಿ. ಕರೆಂಟ್ ಹೋಗಿದೆ, ಅದರ ಜೊತೆ ಟವರ್ ಹೋಗಿದೆ, ರಸ್ತೆಗೆ ಮರ ಬಿದ್ದಿದೆ. ಬೆಂಗಳೂರೇ ದೂರ ಆಗುತ್ತದೆ, ಚೆನ್ನೈ ಎಲ್ಲಿಂದ ಬಂತು? ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಗಿದೆ, ಸರಿ. ಆದರೆ ಮಧ್ಯರಾತ್ರಿಯ ಫೋನಿಗೆ ಆ ವಿಮಾನ ಕಾಯುವುದಿಲ್ಲ. ಪಟ್ಟಿಯಲ್ಲಿದ್ದಷ್ಟು ಕಾಲ ಅಪ್ಪ ಶಿವಮೊಗ್ಗದ ನಿಮ್ಮ ಮನೆಯಲ್ಲಿರಲಿ. ಆಸ್ಪತ್ರೆಗೆ ಮೂರು ನಾಲ್ಕು ನಂಬರ್ ಕೊಡಿ. ಸರದಿ ಹತ್ತಿರ ಬಂತು ಅಂದರೆ ಬೆಂಗಳೂರಿನಲ್ಲೇ ಯಾರದಾದರೂ ಮನೆಯಲ್ಲಿ ಇರುವುದು ಒಳ್ಳೆಯದು.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುವ ವಿಷಯ. ಜನ ಆಪರೇಷನ್ನಿಗೆ ಊರು ಹುಡುಕುತ್ತಾರೆ. ಹುಡುಕಬೇಕಾದ್ದು ಆಪರೇಷನ್ ಆದ ಮೇಲಿನ ವರ್ಷಕ್ಕೆ. ರೋಗಿ ಎರಡು ಮೂರು ವಾರದಲ್ಲಿ ಡಿಸ್ಚಾರ್ಜ್ ಆಗುತ್ತಾರೆ, ಆದರೆ ಊರಿಗೆ ಬಿಡುವುದಿಲ್ಲ. ಇನ್ನೂ ಎರಡು ಮೂರು ತಿಂಗಳು ಆಸ್ಪತ್ರೆ ಹತ್ತಿರ ಬಾಡಿಗೆ ಮನೆ, ಮೊದಮೊದಲು ವಾರಕ್ಕೆ ಒಂದೆರಡು ಸಲ ರಕ್ತ ಪರೀಕ್ಷೆ. ಆಮೇಲೂ ಬದುಕಿರುವಷ್ಟು ದಿನ ಗುಳಿಗೆ, ಓಡಾಟ.

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಹೊರರಾಜ್ಯದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಸಿಯಾಯಿತು. ಆಪರೇಷನ್ ಚೆನ್ನಾಗಿಯೇ ಮಾಡಿದರು. ತೀರ್ಥಹಳ್ಳಿ ಹತ್ತಿರದ ಮನೆಗೆ ಬಂದ ಮೇಲೆ ಒಂದು ದಿನ ಚಳಿಜ್ವರ, ಮೂತ್ರ ಕಾಫಿ ಬಣ್ಣ, ಮೈ ತುರಿಕೆ. ಪಿತ್ತನಾಳ ಕಟ್ಟಿಕೊಂಡಿತ್ತು. ಜೀವಂತ ದಾನಿಯ ಕಸಿಯಲ್ಲಿ ಇದು ಅಪರೂಪವೇನಲ್ಲ, ಎಂಡೋಸ್ಕೋಪಿಯಲ್ಲಿ ಸ್ಟೆಂಟ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದರೆ ಎತ್ತಿದವರಿಗೆ ಕನ್ನಡ ಬರುತ್ತಿರಲಿಲ್ಲ, ಅವಳಿಗೆ ಅವರ ಭಾಷೆ ಬರುತ್ತಿರಲಿಲ್ಲ. ‘ಕಾಫಿ ಬಣ್ಣ’ ಅನ್ನುವುದನ್ನು ತಿಳಿಸುವುದರಲ್ಲೇ ಅರ್ಧ ದಿನ ಹೋಯಿತು. ಆಮೇಲೆ ರಾತ್ರಿಯಿಡೀ ಕಾರು. ಭಾವ ಈಗ ಚೆನ್ನಾಗಿದ್ದಾರೆ. ಆದರೆ ‘ನಿಮ್ಮ ಕೋಆರ್ಡಿನೇಟರ್ ಕನ್ನಡ ಮಾತಾಡುತ್ತಾರಾ, ರಾತ್ರಿ ಫೋನ್ ಎತ್ತುತ್ತಾರಾ’ ಅನ್ನುವ ಪ್ರಶ್ನೆ ಅಂದಿನಿಂದ ನನ್ನ ಪಟ್ಟಿಯಲ್ಲಿ ಮೊದಲನೆಯದು.

ಅಲ್ಲೇ ಇನ್ನೊಂದು ಆಯಿತು. ‘ಪ್ಯಾಕೇಜ್’ ಅಂತ ಒಂದು ಮೊತ್ತ ಹೇಳಿದರು. ದಾನಿಯ ಪರೀಕ್ಷೆ ಅದರಲ್ಲಿ ಇರಲಿಲ್ಲ. ಹೊಂದದೆ ಹೋದ ಮೊದಲನೇ ದಾನಿಯ ಖರ್ಚೂ ಇರಲಿಲ್ಲ. ಹೇಳಿದ್ದಕ್ಕಿಂತ ಹೆಚ್ಚು ದಿನ ಐಸಿಯುನಲ್ಲಿದ್ದಾಗ ದಿನದ ಲೆಕ್ಕ ಶುರುವಾಯಿತು. ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಲಕ್ಷದ ಸುಮಾರು ಹೇಳುತ್ತಾರೆ. ಅದರಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದನ್ನು ಬರೆದುಕೊಡಿ ಅಂತ ಕೇಳಿ. ರಕ್ತ, ಆಲ್ಬುಮಿನ್, ಡಯಾಲಿಸಿಸ್, ಮತ್ತೆ ಅಡ್ಮಿಟ್ ಆದರೆ ಖರ್ಚು, ಎಲ್ಲ. ತೋಟ ಅಡವಿಡುವ ಮುಂಚೆ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು, ಅಂದರೆ ಸರ್ಕಾರಿ ಆರೋಗ್ಯ ಯೋಜನೆಗಳ ಬಗ್ಗೆ ದಾರಿ ಹೇಳುವ ಸಿಬ್ಬಂದಿಯನ್ನು ಕಾಣಿ. ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅಂಗಾಂಗ ಕಸಿಗೆ ನೆರವು ಇದೆ, ಯಾವ ಆಸ್ಪತ್ರೆಗಳಿಗೆ ಅನ್ವಯ ಅಂತ ಅವರು ಹೇಳುತ್ತಾರೆ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ಅಂಗಾಂಗ ಕಸಿ ಸಂಸ್ಥೆ ಇದೆ, ಅಲ್ಲೂ ಒಮ್ಮೆ ವಿಚಾರಿಸಿ. ‘ಸರ್ಕಾರಿ’ ಅಂತ ಮೂಗು ಮುರಿಯಬೇಡಿ.

ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಹತ್ತಿರದ ಹೆಸರು ಹೇಳುವವರೂ ಇರುತ್ತಾರೆ. ಅಲ್ಲಿ ಕೇಳಬೇಕಾದ್ದು ಒಂದೇ, ಲಿವರಿಗೆ ಲೈಸೆನ್ಸ್ ಇದೆಯಾ? ಕಿಡ್ನಿಗೆ ಇದ್ದರೆ ಲಿವರಿಗೆ ಇದೆ ಅಂತ ಅರ್ಥ ಅಲ್ಲ. ಪ್ರತಿ ಅಂಗಕ್ಕೂ ಬೇರೆ ಅನುಮತಿ, ಐದು ವರ್ಷಕ್ಕೊಮ್ಮೆ ನವೀಕರಣ.

ಬೇಕಾದರೆ ಎರಡು ಕಡೆ ತೋರಿಸಿ, ಬೇಜಾರು ಮಾಡಿಕೊಳ್ಳುವ ಡಾಕ್ಟರು ಇಲ್ಲ. ಆದರೆ ನಾಲ್ಕನೆಯ ಊರಿಗೆ ಹೋಗುವ ಹೊತ್ತಿಗೆ ಸ್ಕೋರ್ 19ರಲ್ಲೇ ಇರುವುದಿಲ್ಲ. ನೀವು ಬರೆದದ್ದನ್ನು ನೋಡಿದರೆ ಬೆಂಗಳೂರೇ ಸಾಕು ಅನ್ನಿಸುತ್ತದೆ. ರೈಲಿದೆ, ಭಾಷೆ ಇದೆ, ನೆಂಟರೋ ಪರಿಚಯದವರೋ ಸಿಗಬಹುದು. ಈ ವಿಷಯದಲ್ಲಿ ನಿಮ್ಮ ಮನೆಯವರ ಮಾತು ಸರಿ. ಚಿಕ್ಕಪ್ಪನಿಗೆ ಬಾಡಿಗೆ ಮನೆ ಹುಡುಕುವ ಕೆಲಸ ಕೊಡಿ.

ಪ್ರಶ್ನೆ: ನಮ್ಮ ಅತ್ತೆಗೆ ಲಿವರ್ ಕೊಡಲು ನಾನು ತಯಾರಿದ್ದೇನೆ. ಸೊಸೆ ಕೊಡಬಹುದೇ? (ಕೊಪ್ಪದಿಂದ ಒಬ್ಬ ಓದುಗರು)

ಉತ್ತರ: ಕೊಡಬಹುದು, ಆದರೆ ದಾರಿ ಉದ್ದ. ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿ ಅಂದರೆ ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಅಣ್ಣ-ತಮ್ಮ-ಅಕ್ಕ-ತಂಗಿ. 2011ರ ತಿದ್ದುಪಡಿಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳು ಸೇರಿದರು. ಸೊಸೆ, ಅಳಿಯ ಸೇರಿಲ್ಲ. ನಿಮ್ಮ ಅರ್ಜಿ ಅನುಮತಿ ಸಮಿತಿಯ ಮುಂದೆ ಹೋಗಬೇಕು. ದುಡ್ಡಿನ ವ್ಯವಹಾರ ಇಲ್ಲ, ಒತ್ತಾಯ ಇಲ್ಲ ಅಂತ ಅವರಿಗೆ ಮನವರಿಕೆ ಆಗಬೇಕು. ನಿಮ್ಮ ಗಂಡ, ಅಂದರೆ ಮಗ, ಯಾಕೆ ಕೊಡುತ್ತಿಲ್ಲ ಅಂತ ಕೇಳಿದರೆ ಆಶ್ಚರ್ಯ ಪಡಬೇಡಿ. ನಾನೂ ಅದನ್ನೇ ಕೇಳುತ್ತಿದ್ದೆ.

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಈಗಲೇ ಅರ್ಜಿ ಹಾಕಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ಸರಿಮಾಡಿಸಿ. ಒಂದು ಇನಿಶಿಯಲ್ಲಿನಿಂದ ಕಡತ ವಾರಗಟ್ಟಲೆ ನಿಂತದ್ದಿದೆ.

ಪ್ರಶ್ನೆ: ನಮ್ಮಣ್ಣನ ಲಿವರ್ ಕುಡಿತದಿಂದ ಹಾಳಾಗಿದೆ. ಬಿಟ್ಟು ಒಂದು ತಿಂಗಳಾಯಿತು. ಕಸಿ ಮಾಡುತ್ತಾರಾ? (ಭದ್ರಾವತಿ)

ಉತ್ತರ: ಹೆಚ್ಚಿನ ಕಡೆ ಆರು ತಿಂಗಳ ಸುಮಾರು ಬಿಟ್ಟಿರಬೇಕು ಅನ್ನುತ್ತಾರೆ. ತೀರಾ ಗಂಭೀರವಾದವರಿಗೆ ಕೆಲವು ಕಡೆ ಮೊದಲೇ ಯೋಚಿಸುತ್ತಾರೆ. ಇದು ಶಿಕ್ಷೆ ಅಲ್ಲ. ಬಿಟ್ಟ ಮೇಲೆ ಕೆಲವರ ಲಿವರ್ ಕಸಿ ಬೇಡ ಅನ್ನುವಷ್ಟು ಚೇತರಿಸಿಕೊಳ್ಳುತ್ತದೆ. ಕಸಿ ಕೇಂದ್ರಕ್ಕೆ ಈಗಲೇ ತೋರಿಸಿ, ಜೊತೆಗೆ ಮನೋವೈದ್ಯರನ್ನೂ ಕಾಣಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ. ಬರೀ ಆಣೆ ಮಾಡಿಸಿ ಬಿಡಿಸಿದ್ದು ಎಷ್ಟು ದಿನ ನಿಲ್ಲುತ್ತದೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ನನಗೆ ಕಸಿಯಾಗಿ ಎಂಟು ತಿಂಗಳಾಯಿತು. ಅಡಿಕೆ ಕೊಯ್ಲು ಶುರುವಾಗುತ್ತಿದೆ. ತೋಟಕ್ಕೆ ಇಳಿಯಬಹುದಾ? (ಸೊರಬ ತಾಲ್ಲೂಕು)

ಉತ್ತರ: ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಲೆಕ್ಕ ಬರೆಯಬಹುದು. ಗೊಬ್ಬರದ ಗುಂಡಿ, ದರಕು (ಉದುರಿದ ಒಣ ಎಲೆ), ಬೂಸಲು ಹಿಡಿದ ಅಡಿಕೆ ಸಿಪ್ಪೆಯ ಹತ್ತಿರ ಹೋಗಬೇಡಿ. ನಿಮ್ಮ ಗುಳಿಗೆ ಮೈಯ ಕಾವಲನ್ನೇ ಕಮ್ಮಿ ಮಾಡಿರುತ್ತದೆ, ಆ ಧೂಳಿನ ಬೂಸಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಸರು, ಕಾಲುವೆ ನೀರಿಗೆ ಬರಿಗಾಲಲ್ಲಿ ಇಳಿದರೆ ಇಲಿಜ್ವರದ ಭಯ. ಇನ್ನು ಉಣುಗು (ಕಾಡಿನ ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ ನಿಮ್ಮ ತಾಲ್ಲೂಕಿನದ್ದೇ. 1957ರಲ್ಲಿ ಪತ್ತೆಯಾದದ್ದು ಕ್ಯಾಸನೂರಿನಲ್ಲಿ. ಕೊಯ್ಲಿನ ಕಾಲ, ಅದರ ಕಾಲ ಎರಡೂ ಒಟ್ಟಿಗೇ ಬರುತ್ತವೆ. ಕಾಡಂಚಿಗೆ, ದರಕು ತರಲು ಹೋಗಲೇಬೇಡಿ. ಹೋಗಿ ಬಂದವರ ಬಟ್ಟೆಯಲ್ಲಿ ಉಣುಗು ಇದೆಯಾ ನೋಡಿ ಒಳಗೆ ಬಿಡಿ.

ಹಿತ್ತಲಿನ ಚಕ್ಕೋತ ಹಣ್ಣೂ ಬೇಡ. ಹೊಸ ಲಿವರನ್ನು ಮೈ ತಿರಸ್ಕರಿಸದ ಹಾಗೆ ತಡೆಯುವ ಟ್ಯಾಕ್ರೋಲಿಮಸ್ ಗುಳಿಗೆಯ ಪ್ರಮಾಣವನ್ನು ಅದು ರಕ್ತದಲ್ಲಿ ಏರಿಸಬಹುದು. ಕೆಲವು ಆಂಟಿಬಯೋಟಿಕ್, ಬೂಸಲಿನ ಸೋಂಕಿಗೆ ಕೊಡುವ ಗುಳಿಗೆಗಳದ್ದೂ ಅದೇ ಕಥೆ. ಊರಿನ ಡಾಕ್ಟರು ಏನೇ ಬರೆದರೂ ಮೊದಲು ಕಸಿ ಆಸ್ಪತ್ರೆಗೆ ಫೋಟೋ ಕಳಿಸಿ ಕೇಳಿ. ಟ್ಯಾಕ್ರೋಲಿಮಸ್ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಲೆವೆಲ್ ಪರೀಕ್ಷೆಗೆ ರಕ್ತ ಕೊಡುವ ದಿನ ಅದರ ಬೆಳಗಿನ ಗುಳಿಗೆ ನುಂಗದೆ ಹೋಗಿ, ರಕ್ತ ಕೊಟ್ಟ ಮೇಲೆ ಅಲ್ಲೇ ನುಂಗಿ. ಗುಳಿಗೆ ಜೇಬಿನಲ್ಲೇ ಇರಲಿ. ಮನೆಗೆ ವಾಪಸ್ ಬಂದು ತಗೊಂಡರಾಯಿತು ಅಂದರೆ ಬಸ್ ತಪ್ಪಿ ಮಧ್ಯಾಹ್ನ ಆಗುತ್ತದೆ.